ಯೆಲ್ಲೋಸ್ಟೋನ್ ಬುಗ್ಗೆಗಳಲ್ಲಿ ಸ್ನಾನ ಮಾಡಬಹುದಾ?

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ, ಈ ಸಲ ನಮ್ಮಿಬ್ಬರನ್ನೂ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ಗೆ ಕರ್ಕೊಂಡು ಹೋಗ್ತಾಳಂತೆ. ಮಣಿಕರಣ್‌ನಲ್ಲಿ ಬಿಸಿನೀರಿನ ಕುಂಡದಲ್ಲಿ ಸ್ನಾನ ಮಾಡಿದ್ವಿ, ಅಲ್ಲೂ ಮಾಡಬಹುದಾ? ಓಲ್ಡ್ ಫೇತ್‌ಫುಲ್ ಅನ್ನೋ ಬುಗ್ಗೆ ಟೈಮಿಗೆ ಸರಿಯಾಗಿ ಚಿಮ್ಮುತ್ತೆ ಅಂತಾರಲ್ಲ, ನಿಜನಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸ್ನಾನದ ಆಸೆ ಪೂರ್ತಿ ಬಿಟ್ಬಿಡಿ. ಆ ಬುಗ್ಗೆಗಳಿಗೆ ಇಳಿಯೋದು ಕಾನೂನುಬಾಹಿರ, ಅದಕ್ಕಿಂತ ಹೆಚ್ಚಾಗಿ ಪ್ರಾಣಕ್ಕೇ ಅಪಾಯ, ಇದುವರೆಗೆ ಇಪ್ಪತ್ತಕ್ಕೂ ಹೆಚ್ಚು ಜನ ಅಲ್ಲಿ ಸುಟ್ಟಗಾಯದಿಂದ ಸತ್ತಿದ್ದಾರೆ. ಆ ಜಾಗ ಎಷ್ಟು ಎತ್ತರದಲ್ಲಿದೆ ಅಂದ್ರೆ ನೀರು 93 ಡಿಗ್ರಿಗೇ ಕುದಿಯುತ್ತೆ. ನೋಡೋಕೆ ಗಟ್ಟಿ ಅನ್ಸೋ ನೆಲ ಕೆಲವು ಕಡೆ ಬರೀ ತೆಳು ಪದರ, ಕಾಲಿಟ್ರೆ ಕುಸಿಯುತ್ತೆ, ಅದಕ್ಕೇ ಮರದ ಹಲಗೆ ದಾರಿ ಬಿಟ್ಟು ಒಂದು ಹೆಜ್ಜೆನೂ ಆಚೆ ಇಡಬೇಡಿ.

ಓಲ್ಡ್ ಫೇತ್‌ಫುಲ್ ಗಡಿಯಾರ ನೋಡ್ಕೊಂಡು ಚಿಮ್ಮಲ್ಲ, ಆದ್ರೆ ಲೆಕ್ಕ ಹಾಕಬಹುದು. ನೆಲದೊಳಗಿನ ಕೊಳವೆಯಂಥ ದಾರಿ ಒಂದು ಕಡೆ ತುಂಬಾ ಇಕ್ಕಟ್ಟು, ಮೇಲಿನ ನೀರಿನ ಭಾರಕ್ಕೆ ಕೆಳಗಿನ ನೀರು ಕುದಿಯೋ ಬಿಸಿ ದಾಟಿದ್ರೂ ಕುದಿಯಲ್ಲ, ಸ್ವಲ್ಪ ನೀರು ಮೇಲೆ ಉಕ್ಕಿ ಒತ್ತಡ ಇಳಿದ ತಕ್ಷಣ ಕೆಳಗಿರೋದು ಒಮ್ಮೆಲೇ ಹಬೆಯಾಗಿ 30ರಿಂದ 55 ಮೀಟರ್ ತನಕ ಎಗರುತ್ತೆ. ಹಿಂದಿನ ಸಲ ಕಡಿಮೆ ಹೊತ್ತು ಚಿಮ್ಮಿದ್ರೆ ಒಳಗೆ ಬಿಸಿನೀರು ಇನ್ನೂ ಉಳಿದಿರುತ್ತೆ, ಮುಂದಿನದು ಸುಮಾರು ಒಂದು ಗಂಟೆಗೇ ಬರುತ್ತೆ. ಜಾಸ್ತಿ ಹೊತ್ತು ಚಿಮ್ಮಿದ್ರೆ ಒಂದೂವರೆ ಗಂಟೆ ಕಾಯಬೇಕು. ಹೀಗೆ ಲೆಕ್ಕ ಹಾಕಿ ರೇಂಜರ್‌ಗಳು ಟೈಮ್ ಬೋರ್ಡಿಗೆ ಹಾಕಿರ್ತಾರೆ, ಹತ್ತು ನಿಮಿಷ ಆಚೀಚೆ ಆಗುತ್ತೆ ಅಷ್ಟೇ.

ನೀವು ಕೇಳದಿದ್ರೂ ಇನ್ನೊಂದು ಮಾತು ಹೇಳ್ಲೇಬೇಕು. ನೀರು ಕಂಡಲ್ಲಿ ಕಾಸು ಹಾಕಿ ಕೈ ಮುಗಿಯೋ ಅಭ್ಯಾಸ ನಮಗೆಲ್ಲ ಇದೆ, ಅಲ್ಲಿ ದಯವಿಟ್ಟು ಹಾಕಬೇಡಿ. ಓಲ್ಡ್ ಫೇತ್‌ಫುಲ್‌ನಿಂದ ಎರಡೂವರೆ ಕಿಲೋಮೀಟರ್ ನಡೆದ್ರೆ ಮಾರ್ನಿಂಗ್ ಗ್ಲೋರಿ ಅನ್ನೋ ಕೊಳ ಸಿಗುತ್ತೆ, ಒಂದು ಕಾಲದಲ್ಲಿ ಅಚ್ಚ ನೀಲಿ. ಪ್ರವಾಸಿಗರು ದಶಕಗಟ್ಟಲೆ ಎಸೆದಿದ್ದು ಎಷ್ಟು ಅಂದ್ರೆ 1950ರಲ್ಲಿ ನೀರು ಇಳಿಸಿದಾಗ ಬರೀ ಒಂದು ಸೆಂಟಿನ ನಾಣ್ಯಗಳೇ 86 ಡಾಲರ್‌ನಷ್ಟು ಸಿಕ್ಕವು, ಜೊತೆಗೆ ಬಾಟ್ಲಿ, ಡಬ್ಬ, ಕರ್ಚೀಫು, ಕಾಲುಚೀಲ! ಕೆಳಗಿನ ಬಿಸಿನೀರಿನ ದಾರಿ ಕಟ್ಕೊಂಡು ಕೊಳ ತಣ್ಣಗಾಯ್ತು, ಕಡಿಮೆ ಬಿಸಿಯಲ್ಲಿ ಬದುಕೋ ಬ್ಯಾಕ್ಟೀರಿಯಾ ಒಳಕ್ಕೆ ಹರಡಿ ಹಳದಿ, ಕಿತ್ತಳೆ ಬಣ್ಣ ತುಂಬ್ಕೊಂಡಿತು. ಫೋಟೋದಲ್ಲಿ ಚೆಂದ ಕಾಣುತ್ತೆ, ಆದ್ರೆ ಅದು ನಾವು ಮನುಷ್ಯರು ಮಾಡಿದ ಗಾಯ.

ಅಲ್ಲೇ ಇರೋ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಸ್ಪ್ರಿಂಗ್ ಅನ್ನೋ ಬಣ್ಣಬಣ್ಣದ ದೊಡ್ಡ ಬಿಸಿನೀರಿನ ಬುಗ್ಗೆಯ ಬಣ್ಣ ಮಾತ್ರ ಸಹಜವಾದ್ದು. ಸುಮಾರು 110 ಮೀಟರ್ ಅಗಲ ಇದೆ, ಹತ್ತಿರ ನಿಂತ್ರೆ ಹಬೆಯೇ ಕಾಣೋದು, ಫೇರಿ ಫಾಲ್ಸ್ ಕಡೆಯ ಗುಡ್ಡದ ಮೇಲಿನ ವ್ಯೂ ಪಾಯಿಂಟ್‌ಗೆ ಹತ್ತಿ ಬಿಸಿಲೇರಿದ ಮೇಲೆ ನೋಡಿ.