ಥೈರಾಯ್ಡ್ ಮಾತ್ರೆ ತಗೊಳ್ತಿದ್ರೂ ಸುಸ್ತು ಬಿಡ್ತಿಲ್ಲ ಅಂತ ಬಂದವರು

ಸಕಲೇಶಪುರದ ಕಡೆಯವರು, ವಯಸ್ಸು ನಲವತ್ತರ ಹತ್ರ, ಟೀಚರ್. ಗುರುತು ಸಿಗಬಾರ್ದು ಅಂತ ಒಂದಷ್ಟು ವಿವರ ಬದಲಾಯಿಸಿದೀನಿ, ಇಲ್ಲಿ ಸುಮಾ ಅಂತ ಕರೀತೀನಿ. ಕೌನ್ಸೆಲಿಂಗ್‌ಗೆ ಅಂತ ಹಾಸನಕ್ಕೆ ನನ್ ಹತ್ರ ಯಜಮಾನ್ರ ಜೊತೆ ಬಂದಿದ್ರು, ಕೂತ ತಕ್ಷಣ ಯಜಮಾನ್ರೇ ಶುರು ಮಾಡಿದ್ರು, "ಭಾನುವಾರ ಬಂದ್ರೆ ಹಾಸಿಗೆ ಬಿಟ್ಟು ಏಳಲ್ಲ ಮೇಡಂ, ಥೈರಾಯ್ಡ್‌ಗೆ ಮಾತ್ರೆ ನುಂಗ್ತಾನೇ ಇದಾಳೆ, ಇದು ಡಿಪ್ರೆಶನ್ನೇ ಇರ್ಬೇಕು, ನೀವೇ ಬುದ್ಧಿ ಹೇಳಿ." ಸುಮಾ ತಲೆ ಬಗ್ಗಿಸಿ ಸೆರಗಿನ ಅಂಚು ಸುತ್ತುತ್ತಾ ಕೂತಿದ್ರು.

ಯಜಮಾನ್ರನ್ನ ಹೊರಗೆ ಕೂರೋಕೆ ಹೇಳಿ ಅವರೊಬ್ಬರ ಹತ್ರ ಮಾತಾಡಿದೆ. ಬೇಜಾರು ಇತ್ತು, ಬದುಕೇ ಬೇಡ ಅನ್ಸುತ್ತಾ ಅಂತ ನೇರವಾಗೇ ಕೇಳಿದೆ, ಇಲ್ಲ ಅಂದ್ರು. ಮಕ್ಕಳಿಗೆ ಪಾಠ ಮಾಡೋದು ಇಷ್ಟ, ಆದ್ರೆ ಮಧ್ಯಾಹ್ನದ ಹೊತ್ತಿಗೆ ಬೋರ್ಡ್ ಮೇಲೆ ಬರೆಯೋಕೆ ಕೈ ಎತ್ತಿದ್ರೆ ಕೈಯೇ ಭಾರ, ಮೆಟ್ಟಿಲು ಹತ್ತಿದ್ರೆ ಎದೆ ಡವಡವ, ಬಾಚಣಿಗೇಲಿ ಗುಪ್ಪೆ ಗುಪ್ಪೆ ಕೂದ್ಲು, ಪಾದ ಜುಮ್ ಅನ್ನೋದು, ಮುಟ್ಟಾದಾಗ ತುಂಬಾ ಹೋಗೋದು. ಇಷ್ಟೆಲ್ಲ ಕೇಳಿದ ಮೇಲೆ ಬರೀ ಮನಸ್ಸಿನ ತೊಂದರೆ ಅಂತ ಹೇಳೋಕೆ ನನಗೆ ಆಗ್ಲಿಲ್ಲ.

ಬೆಳಗ್ಗೆ ಎದ್ದಾಗಿಂದ ಏನೇನು ಮಾಡ್ತೀರಿ ಒಂದೊಂದಾಗಿ ಹೇಳಿ ಅಂದೆ, ಅಲ್ಲೇ ಗೊತ್ತಾಯ್ತು. ಐದೂವರೆಗೆ ಏಳ್ತಾರೆ, ಹಾಲು ಕಾಯಿಸಿ ಡಿಕಾಕ್ಷನ್ ಹಾಕಿ ಮೊದ್ಲು ಅತ್ತೆ ಮಾವಂಗೆ ಕೊಟ್ಟು, ಸ್ಟವ್ ಮುಂದೆ ನಿಂತೇ ತಮ್ಮ ಲೋಟದ ಮೊದಲ ಗುಟುಕಿನ ಜೊತೆ ಥೈರಾಯ್ಡ್ ಮಾತ್ರೆ, ಮರೆತು ಹೋಗುತ್ತೆ ಅಂತ ಅದ್ರ ಜೊತೆಗೇ ಐರನ್ ಮಾತ್ರೆ. ನಮ್ಮ ಕಾಫಿ ಸೀಮೇಲಿ ಇದು ಎಷ್ಟು ಮನೇಲಿ ನಡೀತಿದ್ಯೋ! ಕಾಫಿ ಜೊತೆ ನುಂಗಿದ್ರೆ ಥೈರಾಕ್ಸಿನ್, ಅಂದ್ರೆ ಥೈರಾಯ್ಡ್ ಮಾತ್ರೆಲಿರೋ ಹಾರ್ಮೋನ್, ಸರಿಯಾಗಿ ಹೀರ್ಕೊಳಲ್ಲ, ಐರನ್, ಕ್ಯಾಲ್ಸಿಯಂ ಮಾತ್ರೆ ಜೊತೆ ನುಂಗಿದ್ರಂತೂ ಹೊಟ್ಟೇಲೇ ಅದನ್ನ ಹಿಡ್ಕೊಂಡ್ಬಿಡುತ್ತೆ, ಐರನ್‌ಗೂ ಕಾಫಿ ಆಗಲ್ಲ, ಅಂದ್ರೆ ಎರಡು ಮಾತ್ರೆ ನುಂಗಿಯೂ ಎರಡೂ ಪೂರ್ತಿ ಮೈಗೆ ಹತ್ತಿರಲಿಲ್ಲ.

ಬ್ಯಾಗಲ್ಲಿದ್ದ ರಿಪೋರ್ಟಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಕಮ್ಮಿ ಇದ್ರೆ ಏರೋ ನಂಬರ್) 7.8, ಹಿಮೋಗ್ಲೋಬಿನ್ 12.1. ಹಿಮೋಗ್ಲೋಬಿನ್ 12ರ ಮೇಲಿದ್ರೆ ರಕ್ತ ಚೆನ್ನಾಗಿದೆ ಅಂತ ಎಲ್ರೂ ಬಿಟ್ಬಿಡ್ತಾರೆ, ಆದ್ರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದಂಶ ಹಿಮೋಗ್ಲೋಬಿನ್ ಇಳಿಯೋಕೆ ಎಷ್ಟೋ ಮುಂಚೆನೇ ಖಾಲಿಯಾಗಿರಬಹುದು, ಅದು ಗೊತ್ತಾಗೋದು ಫೆರಿಟಿನ್ ಟೆಸ್ಟಲ್ಲಿ. ಥೈರಾಯ್ಡ್ ಕಮ್ಮಿ ಇದ್ರೆ ಮುಟ್ಟು ಜಾಸ್ತಿ ಹೋಗಬಹುದು, ಅದ್ರಿಂದ ಕಬ್ಬಿಣ ಕಮ್ಮಿಯಾಗುತ್ತೆ, ಥೈರಾಯ್ಡ್ ಹಾರ್ಮೋನ್ ತಯಾರಾಗೋಕೆ ಆ ಕಬ್ಬಿಣವೇ ಬೇಕು, ಹೀಗೆ ಒಂದಕ್ಕೊಂದು ಗಂಟು ಬೀಳುತ್ತೆ. ನಾನು ಡಾಕ್ಟರ್ ಅಲ್ಲ, ಟೆಸ್ಟ್ ಬರೆಯೋದು ನನ್ ಕೆಲಸ ಅಲ್ಲ, ಆದ್ರೆ ಡಾಕ್ಟರ್ ಮುಂದೆ ಏನು ಕೇಳಬೇಕು ಅಂತ ಒಂದು ಚೀಟಿ ಬರೆದುಕೊಟ್ಟೆ: ಫೆರಿಟಿನ್, ಬಿ12, ವಿಟಮಿನ್ ಡಿ ನೋಡಿಸ್ಬೇಕಾ, ಮಾತ್ರೆ ಯಾವ ಹೊತ್ತಿಗೆ ತಗೊಳ್ಲಿ, ಮುಟ್ಟಿನ ವಿಷ್ಯಕ್ಕೆ ಲೇಡಿ ಡಾಕ್ಟರ್‌ಗೆ ತೋರಿಸ್ಲಾ. ಕೂದ್ಲಿಗೆ ಅಂತ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ಬೇರೆ ತಗೊಳ್ತಿದ್ರು, ಅದು ಥೈರಾಯ್ಡ್ ಟೆಸ್ಟಿನ ನಂಬರನ್ನೇ ತಪ್ಪು ತೋರಿಸಬಹುದು, ರಕ್ತ ಕೊಡೋಕೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸ್ಬೇಕು, ಅದನ್ನೂ ಡಾಕ್ಟರ್‌ಗೆ ಹೇಳಿ ಅಂದೆ.

ಫೆರಿಟಿನ್ 8 ಬಂತು, ಬಿ12 168, ಎರಡೂ ಕಮ್ಮಿ. ಮನೇಲಿ ಸಸ್ಯಾಹಾರ, ಸಾಲದ್ದಕ್ಕೆ ಥೈರಾಯ್ಡ್‌ಗೆ ಆಗಲ್ಲ ಅಂತ ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ್ದು ನೋಡಿ ಕೋಸು, ನವಿಲುಕೋಸು, ಮೂಲಂಗಿ, ಕಾಫಿಗೆ ಹಾಕೋದೊಂದು ಬಿಟ್ರೆ ಹಾಲು ಮೊಸರು, ಎಲ್ಲ ಬಿಟ್ಟು ಅನ್ನ ತಿಳಿಸಾರಿಗೆ ಬಂದು ನಿಂತಿದ್ರು. ಬೇಯಿಸಿದ ಕೋಸನ್ನ ಹದವಾಗಿ ತಿಂದ್ರೆ ಏನೂ ಆಗಲ್ಲ, ಹಾಲು ಮೊಸರು ಬಿಟ್ಟಿದ್ದು ಬಿ12ಗೆ ನಷ್ಟ. ಆನ್‌ಲೈನಲ್ಲಿ ಅಯೋಡಿನ್, ಸೆಲೆನಿಯಂ ಮಾತ್ರೆ ತರಿಸ್ಲಾ ಅಂದ್ರು, ಬೇಡವೇ ಬೇಡ ಅಂದೆ, ಅಡುಗೆಗೆ ಅಯೋಡಿನ್ ಉಪ್ಪು ಹಾಕ್ತಿದ್ದೀರಲ್ಲ ಸಾಕು, ಅಯೋಡಿನ್ ಜಾಸ್ತಿಯಾದ್ರೂ ಥೈರಾಯ್ಡ್ ಕೆಡುತ್ತೆ.

ಡಾಕ್ಟರ್ ಡೋಸ್ ಏರಿಸದೆ ಮೊದ್ಲು ಹೊತ್ತು ಸರಿ ಮಾಡಿದ್ರು: ಎದ್ದ ತಕ್ಷಣ ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ಥೈರಾಯ್ಡ್ ಮಾತ್ರೆ, ಒಂದು ಗಂಟೆ ಆದ್ಮೇಲೆ ಕಾಫಿ, ಐರನ್ ನಾಲ್ಕು ಗಂಟೆ ಬಿಟ್ಟು. ಬಿ12ಗೆ ಇಂಜೆಕ್ಷನ್ ಬರೆದ್ರು. ಹೊಸ ಹೊತ್ತಿಗೆ ತಗೊಂಡು ಆರೆಂಟು ವಾರ ಆದ್ಮೇಲೆ ಟಿಎಸ್‌ಎಚ್ ನೋಡಿ ಅಂತಾನೂ ಹೇಳಿದ್ರು, ಅದಕ್ಕೂ ಮುಂಚೆ ಮಾಡ್ಸಿದ್ರೆ ಆ ನಂಬರ್ ನಂಬೋ ಹಾಗಿರಲ್ಲ.

ನನ್ ಕೆಲಸ ಹೆಚ್ಚಾಗಿ ಇದ್ದಿದ್ದು ಯಜಮಾನ್ರ ಜೊತೆ. ರಿಪೋರ್ಟ್ ಮುಂದಿಟ್ಟು, ಇದು ಸೋಮಾರಿತನ ಅಲ್ಲ, ನೀವೂ ಇಷ್ಟು ಕಮ್ಮಿ ಇಟ್ಕೊಂಡು ದಿನಾ ಐದೂವರೆಗೆ ಎದ್ದು ನೋಡಿ ಅಂದೆ. ಸುಮ್ನಾದ್ರು, ಆಮೇಲೆ "ಅಮ್ಮಂಗೆ ಬೆಳಗ್ಗೆ ಕಾಫಿ ನಾನೇ ಮಾಡ್ಕೊಡ್ತೀನಿ ಬಿಡಿ" ಅಂದ್ರು. ಸುಮಾಗೆ ಹೇಳಿದ್ದು ಬೇರೆ, ಸುಸ್ತು ವಾರದಲ್ಲಿ ಹೋಗಲ್ಲ, ಫೆರಿಟಿನ್ ತುಂಬೋಕೆ ತಿಂಗಳುಗಳೇ ಬೇಕು, ಅಲ್ಲಿವರೆಗೆ ಭಾನುವಾರ ಮಲಗಿದ್ರೆ ಯಾರಿಗೂ ಕಾರಣ ಕೊಡ್ಬೇಡಿ, ನಂಬರ್ ಸರಿಯಾದ್ಮೇಲೂ ಬೇಜಾರು ಹಾಗೇ ಇದ್ರೆ ಅದನ್ನ ಬೇರೆಯಾಗಿ ನೋಡೋಣ, ಬೇಕಾದ್ರೆ ಸೈಕಿಯಾಟ್ರಿಸ್ಟ್ ಹತ್ರಾನೂ ಹೋಗೋಣ.

ಎರಡು ತಿಂಗಳಾದ್ಮೇಲೆ ಟಿಎಸ್‌ಎಚ್ 3.1 ಬಂತು. ಮೆಟ್ಟಿಲು ಹತ್ತೋವಾಗ ಎದೆ ಹೊಡ್ಕೊಳೋದು ಕಮ್ಮಿಯಾಗಿದೆ, ಕೂದ್ಲು ಇನ್ನೂ ಉದುರ್ತಿದೆ. ಲೇಡಿ ಡಾಕ್ಟರ್ ಸ್ಕ್ಯಾನಿಂಗ್ ಬರೆದಿದ್ದಾರೆ, ಅದಾದ್ಮೇಲೆ ನನ್ ಹತ್ರ ಮತ್ತೆ ಬರ್ತೀನಿ ಅಂದಿದ್ದಾರೆ.