ದೀಪ ಉರಿಯುತ್ತಿದ್ದರೂ ಉಸಿರು ಕಟ್ಟಬಹುದು

2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದ ದಿನಗಳಿಂದ ಕಾರವಾರ, ಮಲ್ಲಾಪುರ, ಕದ್ರಾ ಕಡೆಯವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ. ಕೈಗಾ ಅಣು ವಿದ್ಯುತ್ ಸ್ಥಾವರ ಇದೆ, ನೌಕಾನೆಲೆ ಇದೆ, ಏನಾದರೂ ಆದರೆ ಮನೆಯವರೆಲ್ಲ ನೆಲದಡಿ ಕೂತು ಬದುಕಬಹುದಾ? ಅಕ್ಕಿ, ಟಾರ್ಚು, ನೀರಿನ ಕ್ಯಾನು ಎಲ್ಲರಿಗೂ ಗೊತ್ತಿದೆ. ಅದನ್ನು ಬಿಡುತ್ತೇನೆ.

ಅಯೋಡಿನ್ ಉಪ್ಪು ಜಾಸ್ತಿ ತಿಂದರೆ ವಿಕಿರಣ ತಾಗುವುದಿಲ್ಲವಂತೆ, ಹೌದಾ?

ಇಲ್ಲ. ಅಣು ಅನಾಹುತದಲ್ಲಿ ಕೊಡುವ ಒಂದು ಅಯೋಡಿನ್ ಮಾತ್ರೆಯಷ್ಟು ಸಿಗಬೇಕಾದರೆ ಕಿಲೋಗಟ್ಟಲೆ ಉಪ್ಪು ತಿನ್ನಬೇಕು. ಆ ಮಾತ್ರೆಯೂ ಕಾಪಾಡುವುದು ಥೈರಾಯ್ಡ್ ಒಂದನ್ನೇ. ಜಿಲ್ಲಾಡಳಿತ ಹೇಳಿದಾಗ ಮಾತ್ರ ತಗೊಳ್ಳಿ.

ವಿಕಿರಣ ಹೀರುವ ಸ್ಟಿಕ್ಕರ್ ಮಾರುತ್ತಿದ್ದಾರೆ, ಅಂಟಿಸಬಹುದಾ?

ಮಾರುವವರು ಮೋಸಗಾರರು. ವಿಕಿರಣ ತಡೆಯಲು ಮಣ್ಣು, ಕಾಂಕ್ರೀಟಿನಂಥ ದಪ್ಪ, ಭಾರದ ವಸ್ತು ಬೇಕು.

ಗುಡ್ಡ ಕುಸಿದಾಗ ನೆಲಮಾಳಿಗೆ ಸೇಫಾ?

2009ರಲ್ಲಿ ಕಡವಾಡದಲ್ಲಿ, 2024ರಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತಿದ್ದು ನೋಡಿದ ಮೇಲೂ ಈ ಪ್ರಶ್ನೆಯಾ? ಗುಡ್ಡದ ಬುಡದಲ್ಲಿದ್ದರೆ ಮನೆ ಬಿಟ್ಟು ಹೊರಡಿ.

ಕದ್ರಾದಲ್ಲಿ 10 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಎತ್ತರದ ನೆಲಮಾಳಿಗೆ ತೋಡಿಸುತ್ತಿದ್ದೇವೆ. ನಾವು ಐದು ಜನ. ಪೂರ್ತಿ ಸೀಲ್ ಮಾಡಿ, ಒಳಗೆ ದೀಪ ಹಚ್ಚಿಡಿ, ದೀಪ ಉರಿಯುವವರೆಗೆ ಗಾಳಿ ಸರಿ ಇದೆ ಅಂತ ಕಾಂಟ್ರಾಕ್ಟರ್ ಹೇಳುತ್ತಾರೆ. ಸಾಕಾ?

ದಯವಿಟ್ಟು ಕೆಲಸ ನಿಲ್ಲಿಸಿ.

ಆ ಕೋಣೆಯಲ್ಲಿ ಹಿಡಿಯುವ ಗಾಳಿ ಸುಮಾರು 22,600 ಲೀಟರ್. ಸುಮ್ನೆ ಕೂತ ಒಬ್ಬರು ಗಂಟೆಗೆ 15ರಿಂದ 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಐದು ಜನ ಇದ್ದರೆ ಏಳೆಂಟು ಗಂಟೆಯಲ್ಲಿ ಅದು ಶೇ 3 ದಾಟುತ್ತದೆ. ತಲೆ ಸಿಡಿಯುತ್ತದೆ, ಏದುಸಿರು ಬರುತ್ತದೆ. ಆಗಲೂ ದೀಪ ಉರಿಯುತ್ತಲೇ ಇರುತ್ತದೆ, ಯಾಕೆಂದರೆ ದೀಪ ಆರುವಷ್ಟು ಆಮ್ಲಜನಕ ಇನ್ನೂ ಇಳಿದಿರುವುದಿಲ್ಲ. ಬಾವಿಗೆ ಇಳಿಬಿಟ್ಟ ದೀಪ ಆರಿದರೆ ಇಳಿಯಬಾರದು ಅನ್ನುವ ಮಾತು ನಿಜ. ಆರದಿದ್ದರೆ ಇಳಿಯಬಹುದು ಅನ್ನುವುದು ಜನರನ್ನು ಕೊಂದ ಸುಳ್ಳು.

ಸೆಖೆಯನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಬಿಸಿ ಹೊರಡುತ್ತದೆ. ನಮ್ಮ ಕರಾವಳಿಯ ಮೇ ತಿಂಗಳಲ್ಲಿ, ಮುಚ್ಚಿದ ಕೋಣೆಯಲ್ಲಿ ಅಂಥವರು ಐದು ಜನ. ವಯಸ್ಸಾದವರು, ಮಕ್ಕಳು ತಡೆಯುವುದಿಲ್ಲ.

ಮತ್ತೆ ನೀರು. ನಮ್ಮ ಕರಾವಳಿ ನೆಲದ ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ) ಜೇನುಗೂಡಿನ ಹಾಗೆ ತೂತು ತೂತು. ಒಂದು ಜುಲೈನಲ್ಲಿ ಸದಾಶಿವಗಡದ ಹತ್ತಿರ ಒಬ್ಬರ ನೆಲಮಾಳಿಗೆ ನೋಡಲು ಹೋಗಿದ್ದೆ. ಮೂರನೇ ಮೆಟ್ಟಿಲಿಗೇ ಕೆಂಪು ನೀರು. ಅಕ್ಕಿ ತುಂಬಿದ್ದ ಪ್ಲಾಸ್ಟಿಕ್ ಡ್ರಮ್ಮು ಮಗುಚಿ ಗೋಡೆಗೆ ಬಡಿಯುತ್ತಿತ್ತು. ಎರಡು ಸಲ ವಾಟರ್‌ಪ್ರೂಫಿಂಗ್ ಮಾಡಿಸಿದ ಗೋಡೆಯಲ್ಲೇ ಬೆರಳುದ್ದದ ಒರತೆ. ಇನ್ನು ನೀವಿರುವುದು ಕದ್ರಾ. 2019ರಲ್ಲಿ ಅಣೆಕಟ್ಟೆಯ ಗೇಟು ತೆಗೆದಾಗ ಕಾಳಿ ನದಿ ದಂಡೆಯ ಮನೆಗಳಿಗೆ ನೀರು ನುಗ್ಗಿದ್ದು ನಿಮಗೇ ಗೊತ್ತು ಅಲ್ವಾ? ಆಗಸ್ಟ್‌ನಲ್ಲಿ ನಿಮ್ಮ ಬಾವಿಯ ನೀರು ಎಲ್ಲಿಯವರೆಗೆ ಏರುತ್ತದೆ ನೋಡಿ. ನೆಲಮಾಳಿಗೆಯ ತಳ ಅದಕ್ಕಿಂತ ಕೆಳಗಿದ್ದರೆ ಗುಂಡಿ ಮುಚ್ಚಿಸಿ.

ಕೈಗಾದಲ್ಲಿ ಅನಾಹುತ ಆದರೂ ಹದಿನೈದು ದಿನ ನೆಲದಡಿ ಕೂರಿ ಅಂತ ಯಾರೂ ಹೇಳುವುದಿಲ್ಲ. ಮನೆಯೊಳಗೆ ಹೋಗಿ, ಕಿಟಕಿ ಮುಚ್ಚಿ, ರೇಡಿಯೊ ಕೇಳಿ, ಹೊರಡಿ ಅಂದಾಗ ಹೊರಡಿ. ಅಷ್ಟಕ್ಕೆ ಕಾಂಕ್ರೀಟ್ ಚಾವಣಿಯ ನಡುಕೋಣೆ ಸಾಕು. ಹೊರಗೋಡೆಯಿಂದ ದೂರ ಕೂರಿ. ಮನೆಗೆ ಸಂದಿಗೊಂದಿ ಇರುವುದರಿಂದ ಉಸಿರಿಗೆ ತೊಂದರೆ ಇಲ್ಲ.

ಇಷ್ಟೆಲ್ಲ ಕೇಳಿಯೂ ಎತ್ತರದ, ಒಣ ಜಾಗದಲ್ಲಿ ಕಟ್ಟಿಸಿಯೇ ಸಿದ್ಧ ಅಂದರೆ, ಎದುರುಬದುರು ಮೂಲೆಗೆ ಎರಡು ಗಾಳಿ ಪೈಪು ಹಾಕಿಸಿ. ಒಂದರ ಬಾಯಿ ಕೋಣೆಯ ನೆಲದ ಹತ್ತಿರ, ಇನ್ನೊಂದರದ್ದು ಚಾವಣಿಯ ಹತ್ತಿರ ಇರಲಿ. ಹೊರಗಿನ ತುದಿ ನೆರೆಯ ಮಟ್ಟಕ್ಕಿಂತ ಮೇಲಿದ್ದು ಕೆಳಗೆ ಬಾಗಿರಲಿ. ಕೈಯಲ್ಲಿ ತಿರುಗಿಸುವ ಫ್ಯಾನು ಬೇಕೇ ಬೇಕು. ಒಳಕ್ಕೆ ತೆರೆಯುವ ಇನ್ನೊಂದು ಬಾಗಿಲೂ ಬೇಕು. ದೀಪ, ಗ್ಯಾಸ್ ಒಲೆ, ಇದ್ದಿಲು, ಜನರೇಟರ್ ಯಾವುದನ್ನೂ ಒಳಗೆ ತರಬೇಡಿ. ಇವು ಉರಿದಾಗ ಹೊರಡುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಎರಡು ದಿನಕ್ಕೆ ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಸಾಕು.