ಟ್ರೈನರ್‌ನ ಗೆಲುವಿನ ಶೇಕಡಾ ನೋಡಿ ಕುದುರೆ ಆರಿಸಬಹುದಾ?

ನಿಮ್ಮ ಪ್ರಶ್ನೆ ಇದು: ಮೈಸೂರು ರೇಸಿನಲ್ಲಿ ಒಬ್ಬ ಟ್ರೈನರ್ ಈ ಸೀಸನ್‌ನಲ್ಲಿ 10 ಕುದುರೆ ಓಡಿಸಿ 3 ಗೆದ್ದಿದ್ದಾರೆ, ಅಂದರೆ ಶೇ 30. ಇನ್ನು ಮುಂದೆ ಅವರ ಕುದುರೆಗಳ ಮೇಲೇ ದುಡ್ಡು ಕಟ್ಟುತ್ತಾ ಹೋದರೆ ಹೇಗೆ?

ಆ ಒಂದು ಅಂಕಿ ನಂಬಿ ಕಟ್ಟಬೇಡಿ. ಹಾಗಂತ ಟ್ರೈನರ್ ಲೆಕ್ಕವನ್ನು ಬಿಟ್ಟೂ ಬಿಡಬೇಡಿ. ರೇಸ್ ಕಾರ್ಡ್, ಅಂದರೆ ಆ ದಿನ ಓಡುವ ಕುದುರೆಗಳ ಪಟ್ಟಿ, ಕೈಗೆ ಬಂದರೆ ನನ್ನ ಕಣ್ಣು ಈಗಲೂ ಮೊದಲು ಹೋಗುವುದು ಟ್ರೈನರ್ ಹೆಸರಿಗೆ. ಕುದುರೆ ಯಾವ ರೇಸಿಗೆ ಹೋಗಬೇಕು, ಎಷ್ಟು ದೂರ ಓಡಬೇಕು, ಮೇಲೆ ಯಾವ ಜಾಕಿ ಕೂರಬೇಕು, ಕಾಲಿಗೆ ಯಾವ ಲಾಳ, ಇದರಲ್ಲೆಲ್ಲ ಅವರ ಕೈ ಇರುತ್ತದೆ. ಅವರು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಆದರೆ ಹಿಂದೆ ಮಾಡಿದ್ದೆಲ್ಲ ಫಲಿತಾಂಶದ ಪುಟದಲ್ಲಿ ಉಳಿದಿರುತ್ತದೆ, ಅಲ್ವಾ? ಅದನ್ನು ಹೇಗೆ ಓದಬೇಕು ಅನ್ನುವುದೇ ಕೆಲಸ.

ನನ್ನದು ಗೋಣಿಕೊಪ್ಪದ ಹತ್ತಿರ ಕಾಫಿ ತೋಟ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಮಳೆ ಪುಸ್ತಕ ಇದೆ. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಎಂದು ಬರೆದಿಡುವ ಪುಸ್ತಕ. ಕೊಡಗಿನಲ್ಲಿ ತೋಟ ಇರುವವರಿಗೆ ಇದು ಹೊಸದಲ್ಲ. ವರ್ಷದ ಕೊನೆಗೆ ಕೂಡಿಸಿದರೆ ದೊಡ್ಡ ಅಂಕಿಯೇ ಬರುತ್ತದೆ. ಆದರೆ ಆ ಅಂಕಿ ನೋಡಿ ಫಸಲು ಹೇಗೆ ಬಂತು ಅಂತ ಯಾರೂ ಹೇಳಲಾರರು. ಜುಲೈನಲ್ಲಿ ಎಷ್ಟು ಸುರಿದರೂ ರೋಬಸ್ಟಾ ಹೂ ಬಿಡುವುದಿಲ್ಲ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಒಂದು ಇಂಚು ಹೂಮಳೆ ಬೀಳಬೇಕು. ಅದಾಗಿ ಎರಡು ಮೂರು ವಾರದಲ್ಲಿ, ಹೂ ಕಾಯಿಯಾಗಿ ನಿಲ್ಲಲು, ಬ್ಯಾಕಿಂಗ್ ಮಳೆ ಬರಬೇಕು. ಇಡೀ ಪುಸ್ತಕದಲ್ಲಿ ನಾವು ಹುಡುಕುವುದು ಆ ಎರಡು ಸಾಲನ್ನು.

ಟ್ರೈನರ್‌ನ ಒಟ್ಟು ಶೇಕಡಾ ಅಂದರೆ ವರ್ಷದ ಒಟ್ಟು ಮಳೆ ಇದ್ದ ಹಾಗೆ. ನಿಮಗೆ ಬೇಕಾದದ್ದು ಹೂಮಳೆ. ಈ ಟ್ರೈನರ್ ಯಾವ ಸಂದರ್ಭದಲ್ಲಿ ಕುದುರೆಯನ್ನು ಗೆಲ್ಲಲೆಂದೇ ತಯಾರು ಮಾಡಿ ತರುತ್ತಾರೆ? ಹುಡುಕಬೇಕಾದದ್ದು ಅದನ್ನು.

ಮೊದಲು ನಿಮ್ಮ 10ಕ್ಕೆ 3 ಏನು ಹೇಳುತ್ತದೆ ನೋಡೋಣ. ಲೆಕ್ಕಕ್ಕೆ ಅಂತ 20 ಟ್ರೈನರ್‌ಗಳನ್ನು ಇಟ್ಟುಕೊಳ್ಳಿ. ಎಲ್ಲರೂ ಒಂದೇ ಮಟ್ಟದವರು, ಸರಾಸರಿ ಹತ್ತಕ್ಕೆ ಒಂದು ಗೆಲ್ಲುವವರು. ಪ್ರತಿಯೊಬ್ಬರೂ 10 ಕುದುರೆ ಓಡಿಸಿದರು. ಬರೀ ಅದೃಷ್ಟದಿಂದ 3 ಅಥವಾ ಅದಕ್ಕಿಂತ ಜಾಸ್ತಿ ಗೆಲ್ಲುವ ಸಾಧ್ಯತೆ ಒಬ್ಬೊಬ್ಬರಿಗೂ ಸುಮಾರು ಶೇ 7 ಇರುತ್ತದೆ. 20 ಜನರ ಗುಂಪಿನಲ್ಲಿ ಅಂಥ ಒಬ್ಬರು ಸಿಗುವುದೇ ಹೆಚ್ಚು. ಅದೇ ಗುಂಪಿನಲ್ಲಿ ಸುಮಾರು 7 ಜನ ಒಂದನ್ನೂ ಗೆದ್ದಿರುವುದಿಲ್ಲ. ಕಾರ್ಡ್ ನೋಡುವ ನಮಗೆ ಒಬ್ಬರು ಭಾರೀ ಜೋರಿನಲ್ಲಿದ್ದಾರೆ, ಏಳು ಜನರ ಸ್ಟೇಬಲ್‌ಗೆ (ಕುದುರೆ ಲಾಯಕ್ಕೆ) ಏನೋ ಆಗಿದೆ ಅಂತ ಅನ್ನಿಸುತ್ತದೆ. ನಮ್ಮ ಈ ಲೆಕ್ಕದಲ್ಲಿ 20 ಜನರೂ ಒಂದೇ.

100 ಓಟಕ್ಕೆ 20 ಗೆಲುವು ಇದ್ದರೂ ಆ ಶೇ 20 ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಅದರ ಹಿಂದಿನ ನಿಜವಾದ ಮಟ್ಟ 12ರಿಂದ 28ರ ಒಳಗೆ ಎಲ್ಲಾದರೂ ಇರಬಹುದು. 10 ಓಟದ ಅಂಕಿಗೆ ಇನ್ನೆಷ್ಟು ಬೆಲೆ ಕೊಡಬೇಕು ನೀವೇ ಯೋಚಿಸಿ. ನಾನು ಶುರುವಿನಲ್ಲಿ ಒಂದು ಟಿಪ್ಸ್ ಪುಸ್ತಕ ಕೊಳ್ಳುತ್ತಿದ್ದೆ. ಅದರಲ್ಲಿ ಒಬ್ಬ ಟ್ರೈನರ್ ಹೆಸರಿನ ಮುಂದೆ, ಈ ಜಾಕಿಯ ಜೊತೆ ಶೇ 50 ಗೆಲುವು ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಆ ಸೀಸನ್ ಪೂರ್ತಿ ಅವರಿಬ್ಬರ ಮೇಲೆ ಕಟ್ಟಿದೆ. ಆಮೇಲೆ ಹಳೆಯ ಫಲಿತಾಂಶ ತೆಗೆದು ಎಣಿಸಿದರೆ ಅದು 2 ಓಟಕ್ಕೆ 1. ಅಷ್ಟೇ! ಓಟ ಎಷ್ಟು ಅಂತ ಹಾಕದೆ ಶೇಕಡಾ ಮಾತ್ರ ಕೊಡುವ ಪುಸ್ತಕವನ್ನು ಅವತ್ತಿನಿಂದ ಮುಟ್ಟಿಲ್ಲ.

ಇನ್ನೊಂದು ವಿಷಯವನ್ನು ತುಂಬಾ ಜನ ಗಮನಿಸುವುದಿಲ್ಲ. ದೊಡ್ಡ ಸ್ಟೇಬಲ್‌ನವರು ಒಂದೇ ರೇಸಿನಲ್ಲಿ ಎರಡು ಮೂರು ಕುದುರೆ ಓಡಿಸುತ್ತಾರೆ. ಮೂರರಲ್ಲಿ ಗೆಲ್ಲುವುದು ಒಂದೇ ತಾನೆ? ಆ ರೇಸ್ ಗೆದ್ದರೂ ಅವರ ಲೆಕ್ಕಕ್ಕೆ ಮೂರಕ್ಕೆ ಒಂದು ಎಂದೇ ಬೀಳುತ್ತದೆ. ಒಂದೇ ಕುದುರೆ ತಂದು ಗೆದ್ದ ಚಿಕ್ಕ ಟ್ರೈನರ್‌ಗೆ ಒಂದಕ್ಕೆ ಒಂದು. ಹಾಗಾಗಿ ನಾನು ಕುದುರೆ ಲೆಕ್ಕ ಬೇರೆ, ರೇಸ್ ಲೆಕ್ಕ ಬೇರೆ ಇಡುತ್ತೇನೆ. ಮೂರರಲ್ಲಿ ಸ್ಟೇಬಲ್‌ನ ಖಾಯಂ ಜಾಕಿ ಯಾವುದರ ಮೇಲೆ ಕೂತ, ಗೆದ್ದದ್ದು ಅದೇನಾ ಇಲ್ಲ ಎರಡನೆಯದಾ ಅನ್ನುವುದನ್ನೂ ಬರೆಯುತ್ತೇನೆ. ಕೆಲವರಲ್ಲಿ ಎರಡನೆಯ ಕುದುರೆ ಒಳ್ಳೆ ಆಡ್ಸ್‌ಗೆ, ಅಂದರೆ ಕಟ್ಟಿದ್ದಕ್ಕೆ ಹೆಚ್ಚು ದುಡ್ಡು ಸಿಗುವ ದರಕ್ಕೆ, ಮತ್ತೆ ಮತ್ತೆ ಗೆದ್ದು ಬರುತ್ತದೆ. ಒಟ್ಟು ಶೇಕಡಾದಲ್ಲಿ ಇದು ಎಲ್ಲೂ ಕಾಣುವುದಿಲ್ಲ.

ಆಡ್ಸ್ ಅಂದೆನಲ್ಲ, ನನ್ನ ಪ್ರಕಾರ ಜನ ಸೋಲುವುದು ಇಲ್ಲೇ. ಬೆಂಗಳೂರಿನ ಎಸ್. ಪದ್ಮನಾಭನ್, ಜಾಕಿಯಾಗಿ ಹೆಸರು ಮಾಡಿ ಆಮೇಲೆ ಟ್ರೈನರ್ ಆದ ಪೆಸಿ ಶ್ರಾಫ್, ಇಂಥವರ ಕುದುರೆ ಚೆನ್ನಾಗಿ ಓಡುತ್ತದೆ ಅಂತ ನಿಮಗೊಬ್ಬರಿಗೇ ಗೊತ್ತಿರುವುದಲ್ಲ. ಇಡೀ ಸ್ಟ್ಯಾಂಡಿಗೆ ಗೊತ್ತು. ಎಲ್ಲರೂ ಕಟ್ಟುವುದರಿಂದ ಸಿಗುವ ದುಡ್ಡು ಕಮ್ಮಿಯಾಗುತ್ತದೆ. ಲೆಕ್ಕಕ್ಕೆ, ಒಬ್ಬ ಟ್ರೈನರ್‌ನ 100 ಕುದುರೆಗೂ ಹತ್ತತ್ತು ರೂಪಾಯಿ ಕಟ್ಟಿದಿರಿ ಅನ್ನಿ. ಒಟ್ಟು 1,000. 20 ಗೆದ್ದವು, ಗೆದ್ದ ಒಂದೊಂದಕ್ಕೂ ಸರಾಸರಿ 40 ರೂಪಾಯಿ ಬಂತು. ಕೈಗೆ ಬಂದದ್ದು 800. ಐದಕ್ಕೆ ಒಂದು ಗೆಲ್ಲುವ ಟ್ರೈನರ್‌ನ ಹಿಂದೆ ಹೋಗಿ 200 ಕಳೆದುಕೊಂಡಿರಿ. ಇನ್ನೊಬ್ಬರು 100ಕ್ಕೆ 8 ಮಾತ್ರ ಗೆದ್ದರು, ಸರಾಸರಿ 140 ಬಂತು. ಒಟ್ಟು 1,120. ಇಲ್ಲಿ ಲಾಭ.

ಈ ಎರಡನೆಯದನ್ನೂ ಸುಮ್ನೆ ನಂಬಬಾರದು. ಆ 8ರಲ್ಲಿ ಒಂದೇ ಕುದುರೆ 500 ಕೊಟ್ಟಿದ್ದರೆ? ಅದನ್ನು ತೆಗೆದರೆ ಉಳಿದ ಏಳರದ್ದು 620 ಮಾತ್ರ. ಅಂದರೆ ಲಾಭ ಬಂದದ್ದು ಟ್ರೈನರ್‌ನಿಂದಲ್ಲ, ಒಂದು ಮಧ್ಯಾಹ್ನದಿಂದ. ದೊಡ್ಡ ಗೆಲುವು ಒಂದನ್ನು ತೆಗೆದು ಮತ್ತೆ ಕೂಡಿಸಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ನೀವೂ ಮಾಡಿ.

ಈಗ ಹೂಮಳೆಯ ಸಾಲುಗಳಿಗೆ ಬರೋಣ. ಮೈಸೂರಿನಲ್ಲಿ ಮೊದಲು ನೋಡಬೇಕಾದದ್ದು ಬೆಂಗಳೂರಿನಿಂದ ಬರುವ ಕುದುರೆಗಳನ್ನು. ಬೆಂಗಳೂರು ಟ್ರೈನರ್‌ಗಳ ಬೆಂಗಳೂರು ಅಂಕಿಯನ್ನೂ ಮೈಸೂರು ಅಂಕಿಯನ್ನೂ ಬೆರೆಸಬೇಡಿ. ಒಬ್ಬರು ಒಳ್ಳೆಯ ಕುದುರೆಗಳನ್ನು ಬೆಂಗಳೂರು ಸೀಸನ್‌ಗೆ ಉಳಿಸಿಕೊಂಡು ಮಿಕ್ಕವನ್ನು ಮೈಸೂರಿಗೆ ಕಳಿಸಬಹುದು. ಇನ್ನೊಬ್ಬರು ಚಾಮುಂಡಿ ಬೆಟ್ಟದ ಬುಡಕ್ಕೆ ಬರುವುದೇ ಗೆಲ್ಲಲು. ಎರಡನ್ನೂ ಕೂಡಿಸಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ.

ಆಮೇಲೆ ರಜೆ. ಕುದುರೆ ಎಷ್ಟು ದಿನದ ಮೇಲೆ ಓಡುತ್ತಿದೆ? ಕೆಲವು ಟ್ರೈನರ್‌ಗಳು ಬೆಳಗಿನ ಟ್ರ್ಯಾಕ್‌ವರ್ಕ್ ಮತ್ತು ಮಾಕ್ ರೇಸಿನಲ್ಲೇ (ಅಭ್ಯಾಸದ ಓಟದಲ್ಲೇ) ಕುದುರೆಯನ್ನು ಪೂರ್ತಿ ತಯಾರು ಮಾಡಿ, ಮೂರು ನಾಲ್ಕು ತಿಂಗಳ ರಜೆಯ ನಂತರದ ಮೊದಲ ಓಟದಲ್ಲೇ ಗೆಲ್ಲಿಸುತ್ತಾರೆ. ಇನ್ನು ಕೆಲವರ ಕುದುರೆಗೆ ಮೈ ಬಿಡಲು ಎರಡು ಓಟ ಬೇಕು. ಇದು ಆ ಮನುಷ್ಯನ ಕೆಲಸದ ರೀತಿ. ಬೇಗ ಬದಲಾಗುವುದಿಲ್ಲ. ಟ್ರೈನರ್ ಅಂಕಿಗಳಲ್ಲಿ ನಾನು ಅತಿ ಹೆಚ್ಚು ನಂಬುವುದು ಇದನ್ನೇ.

ರೇಟಿಂಗ್ ಕೂಡ ನೋಡಿ. ನಮ್ಮಲ್ಲಿ ಹ್ಯಾಂಡಿಕ್ಯಾಪರ್, ಅಂದರೆ ಕುದುರೆ ಹೊರಬೇಕಾದ ಭಾರ ಗೊತ್ತುಮಾಡುವವರು, ಪ್ರತಿ ಕುದುರೆಗೂ ರೇಟಿಂಗ್ ಕೊಡುತ್ತಾರೆ, ಒಂದು ಪಾಯಿಂಟ್‌ಗೆ ಅರ್ಧ ಕಿಲೋ ಭಾರ. ಕುದುರೆಯ ಕ್ಲಾಸು ಈ ರೇಟಿಂಗ್ ಮೇಲೆಯೇ. ಗೆದ್ದರೆ ರೇಟಿಂಗ್ ಏರುತ್ತದೆ, ಸೋಲುತ್ತಾ ಹೋದರೆ ಇಳಿಯುತ್ತದೆ. ಮೇಲಿನ ಕ್ಲಾಸಿನಲ್ಲಿ ಒದ್ದಾಡಿದ ಕುದುರೆ ಕೆಳಗಿನ ಕ್ಲಾಸಿಗೆ ಇಳಿದ ಮೊದಲ ದಿನ ಈ ಟ್ರೈನರ್ ಏನು ಮಾಡುತ್ತಾರೆ ಅನ್ನುವುದಕ್ಕೆ ಒಂದು ಕಾಲಂ ಇರಲಿ. ಜಾಕಿ ಬದಲಾದದ್ದಕ್ಕೆ ಒಂದು. ದೂರ ಬದಲಾದದ್ದಕ್ಕೆ ಒಂದು. ಇವಿಷ್ಟು ಸಾಕು. ಕಾಲಂ ಜಾಸ್ತಿ ಮಾಡಿದಷ್ಟೂ ಒಂದೊಂದರಲ್ಲಿ ಓಟ ಕಮ್ಮಿಯಾಗುತ್ತವೆ. ಕಡೆಗೆ ಮತ್ತೆ ಅದೇ 2ಕ್ಕೆ 1ರ ಶೇ 50ಗೆ ಬಂದು ನಿಲ್ಲುತ್ತೀರಿ.

ಲಾಳದ ಕಾಲಂ ಮಾತ್ರ ಬಿಡಬೇಡಿ. ರೇಸ್ ಕಾರ್ಡಿನಲ್ಲಿ ಅಲ್ಯೂಮಿನಿಯಂ ಲಾಳವಾ, ಸ್ಟೀಲ್ ಲಾಳವಾ ಅಂತ ಹಾಕಿರುತ್ತಾರೆ. ಅಲ್ಯೂಮಿನಿಯಂ ಹಗುರ. ಎಲ್ಲಾ ಟ್ರೈನರ್‌ಗಳಿಗೂ ಇದರ ಅರ್ಥ ಒಂದೇ ಅಲ್ಲ. ಕೆಲವರು ಯಾವಾಗಲೂ ಅಲ್ಯೂಮಿನಿಯಂ. ಸ್ಟೀಲ್‌ನಲ್ಲೇ ಗೆಲ್ಲಿಸುವವರೂ ಇದ್ದಾರೆ. ಗಮನಿಸಬೇಕಾದದ್ದು ಬದಲಾವಣೆಯನ್ನು. ಎರಡು ಸಲ ಸ್ಟೀಲ್‌ನಲ್ಲಿ ಓಡಿದ ಕುದುರೆ ಇವತ್ತು ಅಲ್ಯೂಮಿನಿಯಂ ಹಾಕಿಕೊಂಡು ಬಂದಿದೆ, ಮೇಲೆ ಸ್ಟೇಬಲ್‌ನ ಖಾಯಂ ಜಾಕಿ ಬೇರೆ. ಇಂಥ ದಿನ ಆ ಟ್ರೈನರ್‌ನ ಹಳೆಯ ಲೆಕ್ಕ ತೆಗೆದು ನೋಡಲೇಬೇಕು.

ಒಂದು ದಿನದ ಮಾತು ಹೇಳುತ್ತೇನೆ. ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬ ಕಳೆದಿತ್ತು, ಗದ್ದೆ ನಾಟಿ ಮುಗಿದು ಸ್ವಲ್ಪ ಬಿಡುವು. ಬೆಳಿಗ್ಗೆ ತಿತಿಮತಿ, ಆನೆಚೌಕೂರು ದಾಟಿ ಹುಣಸೂರಿನ ಮೇಲೆ ಮೈಸೂರಿಗೆ ಹೋದೆ. ಕಾರ್ಡಿನಲ್ಲಿ ಒಂದು ಕುದುರೆ ನನ್ನ ನೋಟ್‌ಬುಕ್ಕಿನ ಸಾಲಿಗೆ ಸರಿಯಾಗಿ ಕೂತಿತ್ತು. ರಜೆ ಮುಗಿಸಿ ಮೂರನೇ ಓಟ. 1,200 ಮೀಟರ್. ಲಾಳ ಬದಲಾಗಿತ್ತು, ಜಾಕಿಯೂ. ರೇಸಿಗೆ ಮೊದಲು ಕುದುರೆಗಳನ್ನು ಸುತ್ತಾಡಿಸಿ ತೋರಿಸುವ ಪ್ಯಾಡಕ್‌ನ ಬೇಲಿಗೆ ಒರಗಿ ನಿಂತೆ. ಕುದುರೆ ನೋಡಿಕೊಳ್ಳುವ ಸೈಸ್ ಅದನ್ನು ಸುತ್ತು ಹಾಕಿಸುತ್ತಿದ್ದ. ಹಿಂದಿನ ಸಲ ನೋಡಿದಾಗ ಅದರ ಹೊಟ್ಟೆ ಸ್ವಲ್ಪ ಜೋತಿತ್ತು, ತೊಡೆಗಳ ನಡುವೆ ನೊರೆ ಬೆವರು ಇತ್ತು. ಈ ಸಲ ಮೈ ಒಣಗಿತ್ತು, ಪಕ್ಕೆಯ ಮೇಲೆ ಹೊಳಪು ಬಂದಿತ್ತು. ಹಿಂಗಾಲು ಎತ್ತಿದಾಗ ತೊಡೆಯಲ್ಲಿ ಸ್ನಾಯುವಿನ ಗೆರೆ ಬಿಡಿಬಿಡಿಯಾಗಿ ಕಾಣುತ್ತಿತ್ತು. ಆಡ್ಸ್ ಕೂಡ ಚೆನ್ನಾಗಿತ್ತು. ಕಟ್ಟಿದೆ. ಕೊನೆಯ 50 ಮೀಟರಿನಲ್ಲಿ ಇನ್ನೊಂದು ಕುದುರೆ ಹೊರಗಿನಿಂದ ಬಂದು ಕತ್ತಿನಷ್ಟು ಅಂತರದಲ್ಲಿ ಗೆದ್ದುಬಿಟ್ಟಿತು.

ದುಡ್ಡು ಹೋಯಿತು. ಆದರೆ ಮನೆಗೆ ಬಂದು ನಾನು ಆ ಸಾಲನ್ನು ಹೊಡೆದುಹಾಕಲಿಲ್ಲ. ಕುದುರೆ ತಯಾರಾಗಿಯೇ ಬಂದಿತ್ತು, ಟ್ರೈನರ್ ಬಗ್ಗೆ ನಾನು ಅಂದುಕೊಂಡದ್ದು ಸರಿಯಾಗಿತ್ತು. ಗೆಲುವು ಸೊನ್ನೆ ಅಂತ ಮಾತ್ರ ಬರೆದರೆ ಈ ಓಟದ ಕಥೆಯೇ ಹೋಗಿಬಿಡುತ್ತದೆ. ಅದಕ್ಕೇ ನಾನು ಎಷ್ಟು ಅಂತರದಲ್ಲಿ ಸೋತಿತು ಅನ್ನುವುದನ್ನೂ ಬರೆಯುತ್ತೇನೆ. ಓಟ ಕಮ್ಮಿ ಇದ್ದಾಗ ಗೆಲುವಿಗಿಂತ ಈ ಅಂತರವೇ ಹೆಚ್ಚು ಹೇಳುತ್ತದೆ.

ಇನ್ನು ದುಡ್ಡಿನ ವಿಷಯ, ನೇರವಾಗಿ ಹೇಳಿಬಿಡುತ್ತೇನೆ. ಕುದುರೆ ರೇಸ್ ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಿಜ, ಓದುವವನಿಗೂ ಓದದವನಿಗೂ ವ್ಯತ್ಯಾಸ ಇದೆ. ಆದರೆ ಕೌಶಲ ಇದ್ದ ಮಾತ್ರಕ್ಕೆ ಲಾಭ ಬರುವುದಿಲ್ಲ. ರೇಸ್ ಬೆಟ್ಟಿಂಗ್ ಮೇಲಿನ ಜಿಎಸ್‌ಟಿ ಶೇ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ದೊಡ್ಡ ಗೆಲುವು ಬಂದರೆ ಆದಾಯ ತೆರಿಗೆಯೂ ಶೇ 30ರಂತೆ ಮೊದಲೇ ಕಡಿತ. ಮೇಲೆ ಹೇಳಿದ 1,120ರ ಲಾಭ ಇದರ ಮುಂದೆ ಎಲ್ಲಿ ನಿಲ್ಲುತ್ತದೆ? ಇದನ್ನು ಸಂಪಾದನೆ ಅಂತ ತಿಳಿದು ಇಳಿಯಬೇಡಿ. ಕಾಫಿ ದುಡ್ಡು ಬಂದ ತಿಂಗಳಲ್ಲಿ ರೇಸಿಗೆ ಹೋಗಿ ಗೊಬ್ಬರಕ್ಕೆ ಸಾಲ ಮಾಡಿದವರನ್ನು ನಮ್ಮ ಕಡೆ ಕಣ್ಣಾರೆ ನೋಡಿದ್ದೇನೆ. ನನಗೆ ನಿಜಕ್ಕೂ ಸಂಕಟ ಆಗುತ್ತದೆ. ನಾನು ದಿನಕ್ಕೆ ಇಷ್ಟು ಅಂತ ಮನೆಯಲ್ಲೇ ಎಣಿಸಿಕೊಂಡು ಹೋಗುತ್ತೇನೆ. ಎಷ್ಟೋ ದಿನ ಒಂದು ರೂಪಾಯಿಯನ್ನೂ ಕಟ್ಟದೆ, ಬರೀ ಬರೆದುಕೊಂಡು ಬಂದಿದ್ದೇನೆ.

ಈಗ ನಿಮ್ಮ ಟ್ರೈನರ್. ಅವರ ಆ 10 ಓಟವನ್ನೂ ಒಂದು ಹಾಳೆಯಲ್ಲಿ ಬರೆಯಿರಿ: ಎಷ್ಟು ದಿನದ ಮೇಲೆ ಓಡಿತು, ಯಾವ ಕ್ಲಾಸು, ಎಷ್ಟು ದೂರ, ಜಾಕಿ, ಲಾಳ, ಆಡ್ಸ್, ಎಷ್ಟು ಅಂತರ. ಮೂರು ಗೆಲುವೂ ಫೇವರಿಟ್ (ಜನ ಅತಿ ಹೆಚ್ಚು ಕಟ್ಟಿದ) ಕುದುರೆಗಳದ್ದಾ, ಒಂದೇ ಕುದುರೆ ಎರಡು ಸಲ ಗೆದ್ದಿತಾ ನೋಡಿ. ಒಂದೇ ಕುದುರೆ ಆಗಿದ್ದರೆ ಅದು ಕುದುರೆಯ ಲೆಕ್ಕ, ಟ್ರೈನರ್‌ನದ್ದಲ್ಲ. ಆಮೇಲೆ ಹಿಂದಿನ ಎರಡು ಮೂರು ಸೀಸನ್‌ನ ಅವರ ಮೈಸೂರು ಓಟಗಳನ್ನು ಇದೇ ರೀತಿ ಸೇರಿಸಿ. ಒಂದು ವಾರದ ಸಂಜೆಗಳ ಕೆಲಸ. ಮುಗಿದ ಮೇಲೆ ಇಲ್ಲೇ ಹಾಕಿ. ಕೂತು ಪೂರ್ತಿ ಓದಿ, ನನಗೆ ಕಂಡದ್ದನ್ನು ಬರೆಯುತ್ತೇನೆ.